ಶಂಕ್ರೆವ್ವನ ವಾಲ್ವ್ ಪೆಟ್ಟಿಗೆಯ ದನಿಯನ್ನು ಕುರಿತು

………… ಇಲಾಖೆ
(ಹೆಸರು ಬದಲಾಗಲಿರುವುದರಿಂದ ಜಾಗ ಖಾಲಿ ಬಿಡಲಾಗಿದೆ)
ಸದ್ದು ಶಾಖೆ, ಗದಗ

ಸುತ್ತೋಲೆ ಸಂಖ್ಯೆ: ಸದ್ದು/ಗಿಟಾರ/೧/೧೯೫೬
ದಿನಾಂಕ: ೨೯ ಅಕ್ಟೋಬರ್ ೧೯೫೬, ಸೋಮವಾರ

ವಿಷಯ: ಬೆಟಗೇರಿಯ ಶಂಕ್ರೆವ್ವನವರ ಅಗ್ಗದ ವಾಲ್ವ್ ಆಂಪ್ಲಿಫೈಯರಿನಿಂದ ಒಳ್ಳೆಯ ದನಿ ಹೊರಡುವುದನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ: ೧) ನೆರೆಮನೆಯ ಅಂದಾನಪ್ಪನವರ ದೂರು. ೨) ಮೊದಲ ದೂರಿಗೆ ಉತ್ತರ ಬರಲಿಲ್ಲವೆಂದು ಅದೇ ಅಂದಾನಪ್ಪನವರ ದೂರು. ೩) ಶಾಖೆಯ ಮೂವರು ಅಧಿಕಾರಿಗಳ ಸ್ಥಳ ಪರಿಶೀಲನೆ, ೨೪-೧೦-೧೯೫೬.

ಪೀಠಿಕೆ:

ಸದರಿ ಶಂಕ್ರೆವ್ವನವರು ಮಗ್ಗದ ಕೆಲಸದವರು. ೧೯೪೭ರಲ್ಲಿ ರೈಲ್ವೆ ಗಾರ್ಡ್ ಒಬ್ಬರ ಕುಟುಂಬ ವಿಲಾಯತಿಗೆ ಹೊರಟಾಗ, ಆ ಮನೆಯೊಡತಿ ತಾನು ನುಡಿಸುತ್ತಿದ್ದ ಗಿಟಾರನ್ನು ಇವರ ಕೈಗೆ ಕೊಟ್ಟು ಹೋದದ್ದು ಕಂಡುಬಂದಿದೆ. ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ವಾದ್ಯವಿದು. ಕಳೆದ ವರ್ಷ ಲಕ್ಷ್ಮೇಶ್ವರದ ರೇಡಿಯೋ ರಿಪೇರಿ ಮೌಲಾಸಾಬ ಕೆಟ್ಟ ರೇಡಿಯೋಗಳಿಂದ ಗಾಜಿನ ವಾಲ್ವ್ ಬಿಚ್ಚಿ, ಗಿಟಾರಿನ ದನಿ ಹಿಗ್ಗಿಸುವ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟು, ಪ್ರತಿಯಾಗಿ ಎರಡು ಸೀರೆ ಪಡೆದಿರುತ್ತಾರೆ. ಬರುವ ನವೆಂಬರ್ ೧ರಂದು ರಾಜ್ಯ ಒಂದಾಗುವ ಸಮಾರಂಭದಲ್ಲಿ, ಸಂಜೆ ಐದರಿಂದ ಭಾಷಣಕಾರರು ಬರುವವರೆಗೆ ಗಿಟಾರ್ ನುಡಿಸಲು ಶಂಕ್ರೆವ್ವನವರ ಹೆಸರು ಸೇರಿದೆ. ಆದ್ದರಿಂದ ವಿಷಯ ತುರ್ತಿನದಾಗಿದೆ.

ದೂರುದಾರರ ಹೇಳಿಕೆ ಹೀಗಿದೆ: “ದನಿ ಕೆಟ್ಟೈತಿ ಅಂತ ನಾ ಅನ್ನಾಂಗಿಲ್ರಿ. ಚಲೋ ಐತಿ, ಅದs ತ್ರಾಸು. ಕೇಳಕೋತ ಕುಂತು ಮೊನ್ನಿ ಹಾಲು ಉಕ್ಕಿ ಒಲಿ ಆರಿತು. ನನ್ನ ಹೆಂಡತಿ ಬೈದದ್ದು ನನಗ, ಬಾರ್ಸಾಕಿಗಲ್ಲ.” ಸದ್ದು ಕೆಟ್ಟದಾಗಿದ್ದರೆ ಕ್ರಮ ಕೈಗೊಳ್ಳಲು ನಿಯಮವಿದೆ. ಚಲೋ ಇದ್ದರೆ ನಿಯಮವಿಲ್ಲದ ಕಾರಣ, ಹೊಸದಾಗಿ ಈ ಕೆಳಗಿನಂತೆ ರಚಿಸಲಾಗಿದೆ.

೧. ಪೆಟ್ಟಿಗೆಯ ವಾಲ್ವ್‌ಗಳು ಕಾಯ್ದ ಮೇಲೆಯೇ ತಂತಿ ಮುಟ್ಟತಕ್ಕದ್ದು. ಈ ಬಗ್ಗೆ ಶಂಕ್ರೆವ್ವನವರು, “ಹಂಚು ಕಾಯೂದ್ರೊಳಗ ರೊಟ್ಟಿ ಹಾಕಿದ್ರ ಹೆಂಗಿರತೈತ್ರಿ? ಇದೂ ಹಂಗ” ಎಂದು ವಿವರಣೆ ನೀಡಿದ್ದು, ಶಾಖೆ ಅದನ್ನು ಒಪ್ಪಿದೆ. ಕಾಯುವ ಅವಧಿಯನ್ನು ‘ಎರಡು ರೊಟ್ಟಿ’ ಎಂದು ನಿಗದಿಪಡಿಸಲಾಗಿದೆ. ರೊಟ್ಟಿಯ ಅಳತೆಯನ್ನು ಗೊತ್ತುಪಡಿಸಲು ತರಿಸಿದ್ದ ಮಾದರಿಗಳು ಅಳೆಯುವ ಮೊದಲೇ ಮುಗಿದುಹೋದ ಕಾರಣ, ಮತ್ತೊಮ್ಮೆ ಪುಂಡಿಪಲ್ಯೆ ಸಮೇತ ಕಳಿಸಲು ಈ ಮೂಲಕ ಸೂಚಿಸಲಾಗಿದೆ.

೨. ನೆಲದ ಮೇಲಿಟ್ಟರೆ ದನಿ ಕಾಳು ತುಂಬುವ ನೆಲದಡಿಯ ಹಗೇವಿನೊಳಗಿಂದ ಬಂದಂತೆ ಗುಂಯ್ ಎನ್ನುವುದೂ, ಅರ್ಧ ತುಂಬಿದ ಜೋಳದ ಚೀಲದ ಮೇಲಿಟ್ಟರೆ ಬಿಡಿಬಿಡಿಯಾಗಿ ಕೇಳುವುದೂ ಪರೀಕ್ಷೆಯಿಂದ ದೃಢಪಟ್ಟಿದೆ. ಆದ್ದರಿಂದ ಚೀಲ ಸದಾ ಅರ್ಧ ತುಂಬಿರತಕ್ಕದ್ದು. ಮನೆಯವರು ಬೀಸಲು ಜೋಳ ತೆಗೆದರೆ ಅಷ್ಟೇ ಜೋಳವನ್ನು ಅಂದೇ ತುಂಬತಕ್ಕದ್ದು. ಹಸಿವು ಕಾರಣವೆಂದು ಪರಿಗಣಿಸಲಾಗುವುದಿಲ್ಲ.

೩. ಹತ್ತಿ ಗಿರಣಿ ನಡೆಯುವಾಗ ಊರಿನ ದೀಪಗಳು ಮಂಕಾಗಿ, ಪೆಟ್ಟಿಗೆಯ ದನಿಯೂ ನೆಗಡಿಯಾದಂತೆ ಆಗುತ್ತದೆ. ಆದ್ದರಿಂದ ಗಿರಣಿ ನಿಂತ ಮೇಲೆಯೇ ನುಡಿಸತಕ್ಕದ್ದು. ಆದರೆ ಗಿರಣಿ ನಿಂತ ಮೇಲೆ ಅಲ್ಲಿ ಕೆಲಸ ಮಾಡುವ ಅಂದಾನಪ್ಪನವರು ಮನೆಗೆ ಬರುವುದರಿಂದ, ಆಗ ನುಡಿಸತಕ್ಕದ್ದಲ್ಲ. ಎರಡೂ ಷರತ್ತುಗಳು ಒಂದೇ ಕಾಲಕ್ಕೆ ಜಾರಿಯಲ್ಲಿರುತ್ತವೆ.

೪. ದನಿಯ ಗುಂಡಿಯನ್ನು ಕಾಲು ಸುತ್ತಿಗಿಂತ ಮುಂದೆ ತಿರುವತಕ್ಕದ್ದಲ್ಲ. ಇದಕ್ಕೆ ಮೌಲಾಸಾಬ ಆಕ್ಷೇಪಿಸಿ, “ಸಾಹೇಬ್ರ, ಸಣ್ಣ ಪೆಟಗಿ ಇದು, ಬಡವರದು. ಗುಂಡಿ ಅರ್ಧ ದಾಟೂತನಕ ಬಾಯಿ ಬಿಡಂಗಿಲ್ಲ. ದಾಟಿಸಿ ಕೇಳ್ರಿ, ಆಮ್ಯಾಲ ಮಾತಾಡ್ರಿ” ಎಂದಿರುತ್ತಾರೆ. ಒಳ್ಳೆಯ ದನಿ ಅರ್ಧ ಸುತ್ತಿನ ನಂತರ ಮಾತ್ರ ಬರುವುದೆಂಬುದನ್ನು ಶಾಖೆ ಗಮನಿಸಿದೆ. ಆದಕಾರಣ ಅದನ್ನು ಇನ್ನು ಮುಂದೆ ಕಾಲು ಸುತ್ತಿನಲ್ಲಿಯೇ ಬರಿಸತಕ್ಕದ್ದೆಂದು ಆದೇಶಿಸಲಾಗಿದೆ.

೫. ಪೆಟ್ಟಿಗೆಯ ಬಾಯಿಗೆ ದಪ್ಪ ಬಟ್ಟೆ ಹಾಕಿದರೆ ದನಿ ಮಬ್ಬಾಗುವುದೆಂದು ಶಂಕ್ರೆವ್ವನವರು ತಾವೇ ಮಗ್ಗದಲ್ಲಿ ಎಳೆ ಬಿಟ್ಟು ಎಳೆ ಹಿಡಿದು, ಜಾಳುಜಾಳಾದ ಬಟ್ಟೆ ನೇಯ್ದು ಹಾಕಿರುತ್ತಾರೆ. ಅದರ ಮೂಲಕ ನೋಡಲಾಗಿ ಎದುರಿನ ಓಣಿ ಕಾಣಿಸಿತು. ಆಚೆಯದು ಕಾಣಿಸುವ ವಸ್ತು ಕಿಟಕಿಯಾಗಿರುವುದರಿಂದ, ಕಿಟಕಿ ಇಡಲು ಪರವಾನಗಿ ಪಡೆಯತಕ್ಕದ್ದು.

೬. ಸದರಿ ಪೆಟ್ಟಿಗೆಯ ಮೇಲೆ ಮೊದಲ ದಿನದಿಂದಲೂ ಒಂದು ಕೌದಿ ಹೊದಿಸಲಾಗಿದೆ. ಹೊದಿಸಿದವರು ಅತ್ತೆಯಾದ ಹನಮವ್ವನವರು. ಅವರ ಹೇಳಿಕೆ: “ಸೊಸಿ ಬಾರ್ಸೂದು ಓಣ್ಯಾಗ ಕೇಳಬಾರದಂತ ನಾನs ಹೊಚ್ಚಿದ್ದೆ. ಈಗ ಥಂಡಿ ಬಂತು. ಪೆಟಗಿಗೇನ್ ಥಂಡಿ ಆಕೈತೇನ್ರಿ? ನನ್ನ ಕೌದಿ ನನಗ ಕೊಡಸ್ರಿ.” ವರ್ಷದಿಂದ ಒಂದೆಡೆ ಇರುವ ಕೌದಿ ಪೆಟ್ಟಿಗೆಯ ಭಾಗವೆಂದೇ ಪರಿಗಣಿತವಾಗುವುದರಿಂದ ಈ ಬೇಡಿಕೆಯನ್ನು ತಳ್ಳಿಹಾಕಲಾಗಿದೆ. ಹನಮವ್ವನವರು ಥಂಡಿಯನ್ನು ಮುಂದೂಡಲು ಕೋರಬಹುದು.

೭. ಪರಿಶೀಲನೆಯ ದಿನ ಗುಂಡಿ ಕಾಲು ಸುತ್ತಿನಲ್ಲಿರಿಸಿ, ಕೌದಿ ಹೊದಿಸಿ ನುಡಿಸಲು ತಿಳಿಸಲಾಯಿತು. ಮೂವರು ಅಧಿಕಾರಿಗಳೂ ಸರದಿಯಂತೆ ಕೌದಿಗೆ ಕಿವಿಯಿಟ್ಟು ಕೇಳಿದರು. ದನಿ ಇಷ್ಟು ಸಾಲದೇ ಎಂದು ವಿಚಾರಿಸಲಾಗಿ ಶಂಕ್ರೆವ್ವನವರು, “ಒಂಬತ್ತು ವರ್ಷ ಆತ್ರಿ ಬಾರ್ಸಾಕತ್ತು. ಮೊದಲ ಮಗ್ಗದ ಸದ್ದಿನಾಗ ಮುಚ್ಚಿ ಬಾರ್ಸಿದ್ನಿ, ಈಗ ಕೌದಿ ಒಳಗ. ಮಂದಿಗೆ ಕೇಳ್ಲಿ ಬಿಡ್ಲಿ. ಪೂರಾ ದನಿ ಹೆಂಗೈತಿ ಅಂತ ನನಗs ಒಮ್ಮಿ ಕೇಳಬೇಕಾಗೈತ್ರಿ” ಎಂದರು. ಇಂಥ ಹೇಳಿಕೆಗೆ ನಮೂನೆಯಲ್ಲಿ ಅಂಕಣವಿಲ್ಲದ್ದರಿಂದ ‘ಇತರೆ’ ಎಂಬಲ್ಲಿ ಬರೆಯಲಾಗಿದೆ. ಆಮೇಲೆ ತಂಡ ಮತ್ತೊಮ್ಮೆ ಸರದಿಯಂತೆ ಕೌದಿಗೆ ಕಿವಿಯಿಟ್ಟದ್ದನ್ನು ಕೆಲಸದ ವೇಳೆಯಲ್ಲಿ ತೋರಿಸಿಲ್ಲ.

೮. ಮೇಲಿನ ಎಲ್ಲ ನಿಯಮಗಳು ನವೆಂಬರ್ ೧ರ ಸಮಾರಂಭಕ್ಕೂ ಅನ್ವಯಿಸುತ್ತವೆ. ಗುಂಡಿ ಕಾಲು ಸುತ್ತು ದಾಟಿದರೆ ಅಥವಾ ಕೌದಿ ಜಾರಿದರೆ, ಸದ್ದು ಶಾಖೆಯ ಅಧಿಕಾರಿ ಅಲ್ಲಿಯೇ ಪೆಟ್ಟಿಗೆಯನ್ನು ಜಪ್ತು ಮಾಡತಕ್ಕದ್ದು. ಈ ಅಧಿಕಾರ ಬೇರೆ ಯಾರಿಗೂ ಇರುವುದಿಲ್ಲ.

೯. ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಗೆ ಟಪಾಲು ಬಸ್ಸಿನಲ್ಲಿ ಹೋಗಿ ಮುಟ್ಟಬೇಕಾದ್ದರಿಂದ, ಈ ಶಾಖೆಯ ಪ್ರತಿ ಸುತ್ತೋಲೆಯೂ ಹೊರಟು ಮೂರು ದಿನ ಕಳೆದ ಮೇಲೆ ಜಾರಿಗೆ ಬರುವುದು ಮೊದಲಿನಿಂದ ಬಂದ ಪದ್ಧತಿ. ಅದರಂತೆ ಇದೂ ೧-೧೧-೧೯೫೬ರ ಬೆಳಗಿನಿಂದ ಜಾರಿಗೆ ಬರುತ್ತದೆ.

೧೦. ರಾಜ್ಯ ಬದಲಾಗುತ್ತಿರುವ ನಿಮಿತ್ತ ಸದ್ದು ಶಾಖೆಯನ್ನು ೩೧-೧೦-೧೯೫೬ರ ಸಂಜೆ ಮುಚ್ಚಲಾಗುವುದು. ಹೊಸ ರಾಜ್ಯದಲ್ಲಿ ಇಂಥ ಶಾಖೆ ತೆರೆಯುವ ಬಗ್ಗೆ ಯಾವ ಆದೇಶವೂ ಬಂದಿಲ್ಲ. ಅಂದಿನಿಂದ ಶಾಖೆಗೆ ಅಧಿಕಾರಿಗಳು ಇರುವುದಿಲ್ಲ.

೧೧. ಕಲಂ ೮, ೯ ಮತ್ತು ೧೦ನ್ನು ಒಟ್ಟಿಗೆ ಓದತಕ್ಕದ್ದಲ್ಲ.

(ಸಹಿ)
ಪುಂಡಲೀಕಪ್ಪ
ಮುಖ್ಯ ಅಧಿಕಾರಿ, ಸದ್ದು ಶಾಖೆ
(ಬುಧವಾರ ಸಂಜೆಯವರೆಗೆ)

ಪ್ರತಿಗಳು:

೧. ಅಂದಾನಪ್ಪನವರಿಗೆ: ದೂರು ವಿಲೇವಾರಿಯಾಗಿದೆ. ೧ನೇ ತಾರೀಖು ಸಂಜೆ ಮನೆಯಲ್ಲಿ ಹಾಲು ಕಾಯಿಸಲು ಇಡದಂತೆ ಸಲಹೆ.

೨. ಮೌಲಾಸಾಬ, ಲಕ್ಷ್ಮೇಶ್ವರ: ಒಂದು ಹೆಚ್ಚಿನ ವಾಲ್ವ್ ಕಿಸೆಯಲ್ಲಿಟ್ಟುಕೊಂಡು ಬರಲು.

೩. ಹತ್ತಿ ಗಿರಣಿಯ ವ್ಯವಸ್ಥಾಪಕರಿಗೆ: ಅಂದು ಗಿರಣಿಗೆ ರಜೆ ಎಂದು ತಿಳಿದುಬಂದಿದೆ. ರಜೆಯನ್ನು ರದ್ದು ಮಾಡದಂತೆ ವಿನಂತಿ.

೪. ಹನಮವ್ವನವರಿಗೆ: ಕಲಂ ೬ ನಿಮ್ಮ ಕೌದಿಯ ಬಗ್ಗೆ ಇದೆ. ಅದೂ ೧ರಿಂದಲೇ ಜಾರಿ, ಅದಕ್ಕೂ ಮೊದಲಲ್ಲ. ಥಂಡಿ ಇವತ್ತೇ ಇದೆ.

೫. ಶಂಕ್ರೆವ್ವನವರಿಗೆ: ಶಾಖೆಯ ಸಿಪಾಯಿ ದ್ಯಾಮಪ್ಪ ಖುದ್ದಾಗಿ ಹೋಗಿ ಕಲಂ ೮, ೯ ಮತ್ತು ೧೦ನ್ನು ಒಟ್ಟಿಗೆ, ನಿಧಾನವಾಗಿ, ಎರಡು ಸಲ ಓದಿ ಹೇಳತಕ್ಕದ್ದು.

೬. ಸಿಪಾಯಿ ದ್ಯಾಮಪ್ಪನಿಗೆ, ಖಾಸಗಿ: ಗುರುವಾರ ನಾಲ್ಕೂವರೆಗೆಲ್ಲ ಸಮಾರಂಭದ ಮೈದಾನಕ್ಕೆ ಹೋಗಿ, ಪೆಟ್ಟಿಗೆಯ ಎದುರಿಗೆ ಮೂರು ಕುರ್ಚಿ ಹಿಡಿದಿಡಲು. ಕೂರುವವರ ಹುದ್ದೆ ಕೇಳಿದರೆ, ಇಲ್ಲವೆಂದು ಹೇಳಲು.