ಕಂಪ್ರೆಸರ್ ಬಂದ್ ಮಾಡಿದ ಮೇಲೆ

ಕಂಪ್ರೆಸರ್ ಕಟ್ಟಿಕೊಂಡು ಊರೂರು ತಿರುಗುವವನಿಗೆ ಮುಂದೆ ಹೇಳುವಂಥವು ಆಗುತ್ತಲೇ ಇರುತ್ತವೆ. ಅದನ್ನು ಟ್ರ್ಯಾಕ್ಟರ್ ಹಿಂದೆ ಎಳೆದುಕೊಂಡು ಬೈಲಹೊಂಗಲದಿಂದ ರಾಮದುರ್ಗದವರೆಗೆ ಬಾವಿಯ ಬಂಡೆ ಕೊರೆಯಲು ಗಾಳಿ ಕೊಡುವುದು ನನ್ನ ಉದ್ಯೋಗ. ಕೊರೆಯುವವರು ಬಾವಿಯೊಳಗೆ, ನಾನು ದಂಡೆಯ ಮೇಲೆ, ನಡುವೆ ಕಿವಿ ಹರಿಯುವ ಸದ್ದು. ಬಂದ್ ಮಾಡುವುದೂ ಗುಂಡಿ ಒತ್ತಿದಷ್ಟು ಸಲೀಸಲ್ಲ. ಪೈಪಿಗೆ ಗಾಳಿ ಬಿಡುವ ವಾಲ್ವ್ ಮುಚ್ಚಿ, ಐದು ನಿಮಿಷ ಮೆಲ್ಲಗೆ ಓಡಿಸಿ ತಣಿಸಬೇಕು. ನಿಲ್ಲಿಸಿ, ಒಳಗಿನ ಗಾಳಿಯನ್ನೆಲ್ಲ ಹೊರಬಿಟ್ಟು, ಮೀಟರಿನ ಮುಳ್ಳು ಸೊನ್ನೆಗೆ ಬಂದ ಮೇಲೆಯೇ ಪೈಪಿಗೆ ಕೈ ಹಚ್ಚಬೇಕು. ಅಷ್ಟರಲ್ಲಿ ಉಳಿದವರೆಲ್ಲ ಮನೆ ಸೇರಿರುತ್ತಾರೆ. ಒಂದು ಮಾತಾಡೋಣವೆಂದರೆ ನರಪಿಳ್ಳೆಯೂ ಇರುವುದಿಲ್ಲ. ಅದೊಂದೇ ನನ್ನ ಕೊರಗು.

ನಾಳಿನ ಗಾಳಿ

ನೇಸರಗಿಯಲ್ಲಿ ಒಬ್ಬರು ಬಾವಿಯ ಮಾಲೀಕರು, ಕೈ ಬಹಳ ಬಿಗಿ. ಸಂಜೆ ನಾನು ಗಾಳಿ ಬಿಟ್ಟ ಸಪ್ಪಳಕ್ಕೆ ಓಡಿ ಬಂದರು.

"ಏನ್ ಮಾಡಾಕತ್ತೀರಿ?"

"ಗಾಳಿ ಬಿಡಾಕತ್ತೇನ್ರಿ. ಒಳಗ ಪ್ರೆಶರ್ ಇದ್ದಾಗ ಪೈಪ್ ಬಿಚ್ಚಿದ್ರ ಹಾವಿನಂಗ ಎದ್ದು ಹೊಡಿತೈತಿ."

"ಡೀಸೆಲ್ ನಂದಲ್ರಿ? ಅಂದ್ಮ್ಯಾಲ ಗಾಳಿನೂ ನಂದ. ನಾಳಿಗೆ ಇಡ್ರಿ."

ಹಾಗೆ ಇಡುವಂತಿಲ್ಲ ಎಂದು ತಿಳಿಸಿ ಹೇಳಿದೆ. ಮರುದಿನ ಸಂಜೆ ಹಳೆಯ ಟ್ರ್ಯಾಕ್ಟರ್ ಟ್ಯೂಬು ಹೊತ್ತು ತಂದರು.

"ಇದರಾಗ ತುಂಬ್ರಿ. ಮನ್ಯಾಗ ಇಟ್ಟಿರ್ತೇನಿ, ಮುಂಜಾನೆ ತಂದು ಕೊಡ್ತೇನಿ."

ಟ್ಯಾಂಕಿನ ನೀರು

ರಾಮದುರ್ಗದ ಕಡೆ ಒಂದು ಬಾವಿ, ಎಷ್ಟು ಇಳಿದರೂ ಪಸೆಯಿಲ್ಲ. ಗಾಳಿಯಲ್ಲಿನ ತೇವ ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರಾಗಿ ಕೂಡುತ್ತದೆ. ಬಂದ್ ಮಾಡಿದಾಗ ತಳದ ನಲ್ಲಿ ತಿರುಗಿಸಿ ತೆಗೆಯದಿದ್ದರೆ ತುಕ್ಕು ಹಿಡಿಯುತ್ತದೆ. ಅಂದು ಒಂದು ತಂಬಿಗೆಯಷ್ಟು ಸುರಿಯಿತು. ಮಾಲೀಕರ ತಾಯಿ ನೋಡಿ, ಅರಿಶಿನ ಕುಂಕುಮ ತಂದು ಟ್ಯಾಂಕಿಗೆ ಹಚ್ಚಿ, ಮಗನ ಕಡೆ ತಿರುಗಿದರು.

"ಬಾವಿ ಮುಚ್ಚಸೋ. ಇದನ್ನ ಖರೀದಿ ಮಾಡು."

ಇದನ್ನು ಹೇಳಿಕೊಂಡು ನಗಲು ಜೊತೆಗೆ ಯಾರೂ ಇರಲಿಲ್ಲ. ಒಬ್ಬನೇ ನಕ್ಕರೆ ಹುಚ್ಚನೆಂದಾರು ಎಂದು ಊರು ದಾಟುವವರೆಗೆ ತಡೆದುಕೊಂಡೆ.

ಗೋಣು ಹಾಕಿದ್ದು

ಮನೋಳಿ ಹತ್ತಿರದ ಹೊಲದಲ್ಲಿ ಕೆಲಸ ನಡೆದಾಗ, ಪಕ್ಕದ ಜೋಳಕ್ಕೆ ಹಕ್ಕಿ ಕಾಯಲು ಒಬ್ಬ ಮುದುಕಿ ಬರುತ್ತಿದ್ದಳು. ನನ್ನ ಮಷಿನ್ ಸದ್ದಿಗೆ ಒಂದು ಹಕ್ಕಿಯೂ ಸುಳಿಯದೆ ಆಕೆಗೆ ಕೆಲಸವೇ ಇಲ್ಲವಾಯಿತು. ದಿನವೂ ನನ್ನ ಎದುರು ಕುಳಿತು ಮಾತಾಡತೊಡಗಿದಳು. ನನ್ನ ಕಿವಿಗೆ ಮುಚ್ಚಳ, ಮೇಲೆ ಆ ಗದ್ದಲ. ಬರೀ ತುಟಿ ಕಾಣುತ್ತಿತ್ತು. ಆಕೆ ನಕ್ಕರೆ ನಕ್ಕೆ, ಸೆರಗಿನಿಂದ ಕಣ್ಣೊರೆಸಿದರೆ ಮುಖ ಸಣ್ಣದು ಮಾಡಿದೆ, ಉಳಿದದ್ದಕ್ಕೆಲ್ಲ ಗೋಣು ಹಾಕಿದೆ. ಸಂಜೆ ನಾನು ಬಂದ್ ಮಾಡುವಷ್ಟರಲ್ಲಿ ಆಕೆಯೂ ಎದ್ದು ಹೋಗಿರುತ್ತಿದ್ದಳು.

ಕೊನೆಯ ದಿನ ಮುಳ್ಳು ಸೊನ್ನೆಗೆ ಬಂತು. ಪೈಪು ಬಿಚ್ಚಿ ಸುತ್ತಿಟ್ಟು ತಿರುಗಿದರೆ ಮುದುಕಿ ಇನ್ನೂ ಕುಳಿತಿದ್ದಳು. ನನಗೆ ಬಹಳ ಸಂತೋಷವಾಯಿತು. ಕಿವಿಯ ಮುಚ್ಚಳ ತೆಗೆದು ಹತ್ತಿರ ಹೋಗಿ ಕುಳಿತೆ.

"ಈಗ ಹೇಳ್ರಿ ಆಯಿ. ಎಲ್ಲಾ ಕೇಳಸ್ತೈತಿ."

ಆಕೆ ನಾಚಿ ಸೆರಗು ಸರಿಮಾಡಿಕೊಂಡಳು.

"ಕೇಳಸ್ತೈತಿ ಅಂದ್ರ ಹೆಂಗ ಹೇಳ್ಲೋ ತಮ್ಮಾ? ಅದನ್ನ ಚಾಲೂ ಮಾಡು."

ವಾಲ್ವ್ ಮುಚ್ಚಿದ್ದು ಖಾತ್ರಿ ಮಾಡಿಕೊಂಡು ಚಾಲೂ ಮಾಡಿದೆ. ಆಕೆ ಶುರು ಮಾಡಿದಳು. ಈ ಸಲ ನಾನೂ ಶುರು ಮಾಡಿದೆ; ಹೆಂಡತಿ ತೀರಿಕೊಂಡ ಮೇಲೆ ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ. ಮುದುಕಿ ಒಂದೊಂದಕ್ಕೂ ಗೋಣು ಹಾಕಿದಳು.