ಮುಚ್ಚಳದಿಂದ ಮುಚ್ಚಳಕ್ಕೆ

ವಿತೊಮಿರನ ಕಾರು ನೂರು ಕಿಲೋಮೀಟರಿಗೆ ಏಳೂವರೆ ಲೀಟರ್ ಡೀಸೆಲ್ ಕುಡಿಯುತ್ತಿತ್ತು. ಇಡೀ ಕ್ನ್ಯಾಜೆವಾತ್ಸ್ ಪಟ್ಟಣದಲ್ಲಿ ಇದು ಗೊತ್ತಿದ್ದದ್ದು ಅವನೊಬ್ಬನಿಗೇ. ಉಳಿದವರಿಗೆಲ್ಲ ಅವನು, ಕಾರು ತಂದ ಎರಡು ವರ್ಷದಿಂದಲೂ, ನಾಲ್ಕು ಪಾಯಿಂಟ್ ಎರಡು ಎಂದು ಹೇಳುತ್ತಿದ್ದ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹಾಗೆಯೇ ಅಚ್ಚಾಗಿತ್ತು. ಅಚ್ಚಾಗಿರುವುದನ್ನು ಹೇಳಿದರೆ ಅದು ಸುಳ್ಳು ಹೇಗಾಗುತ್ತದೆ ಎಂಬುದು ಅವನ ವಾದ. ಕಾರು ಮಾಡಿದವರು ಅದನ್ನು ಒಂದು ಕೋಣೆಯೊಳಗೆ ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿ ಅಳೆದಿದ್ದರು. ಅಲ್ಲಿ ಗುಡ್ಡವಿರಲಿಲ್ಲ, ಎದುರುಗಾಳಿಯಿರಲಿಲ್ಲ, ಹಿಂದಿನ ಸೀಟಿನಲ್ಲಿ ನೆಂಟರಿರಲಿಲ್ಲ. ಅಂಥ ಕೋಣೆಯಲ್ಲಿ ನಿಲ್ಲಿಸಿ ಅಳೆದರೆ ಕತ್ತೆಯೂ ಹುಲ್ಲು ಬೇಡವೆನ್ನುತ್ತದೆ.

ಆ ಊರಿನಲ್ಲಿ ಇದು ತಪ್ಪೂ ಅಲ್ಲ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತ ಗಂಡಸು ತನ್ನ ವಯಸ್ಸನ್ನೂ ಕಾರಿನ ಲೀಟರನ್ನೂ ಇಳಿಸಿಯೇ ಹೇಳುವುದು. ಕೇಳಿದವನು ಮನಸ್ಸಿನಲ್ಲೇ ಮೂರು ಲೀಟರ್ ಕೂಡಿಸಿಕೊಂಡು, ಭಲೇ ಎಂದು ತಲೆದೂಗುವುದು. ಅದು ಮರ್ಯಾದೆ. ಆದರೆ ವಿತೊಮಿರನ ಹೆಂಡತಿಯ ತಮ್ಮ ರಾದಿಶಾ ಆ ಕೂಡಿಸುವ ವಿದ್ಯೆ ಕಲಿತಿರಲಿಲ್ಲ. ಅವನು ಕುರಿಹಾಲಿನ ಚೀಸು ಮಾರುವವನು. ಸೋಮವಾರ, ಬುಧವಾರ, ಶುಕ್ರವಾರ ಗುಡ್ಡ ದಾಟಿ ನೀಶ್ ಪಟ್ಟಣದ ಸಂತೆಗೆ ಹೋಗಿಬರುತ್ತಿದ್ದ. ಭಾವನ ಮಾತು ಕೇಳಿ, ಹದಿನೈದು ವರ್ಷ ಒಂದು ದಿನವೂ ಕೈಕೊಡದ ತನ್ನ ಹಳೇ ಕಾರನ್ನು ಮಾರಿ, ಭಾವನದೇ ಕಂಪನಿಯ, ಅದೇ ವರ್ಷದ, ಅದೇ ಬೂದು ಬಣ್ಣದ ಕಾರು ತಂದ. ಅದು ಏಳೂವರೆ ಕುಡಿಯಿತು.

ಭಾವನದು ನಾಲ್ಕು, ತನ್ನದು ಏಳು. ಅಂದರೆ ತನ್ನ ಎಂಜಿನ್ನಿಗೆ ರೋಗ ಬಡಿದಿದೆ ಎಂದು ರಾದಿಶಾ ತೀರ್ಮಾನಿಸಿದ. ಮೆಕ್ಯಾನಿಕ್ ಬೊಗೊಸಾವ್ ಎಂಟು ತಿಂಗಳಲ್ಲಿ ಮೂರು ಸಲ ಎಂಜಿನ್ ಬಿಚ್ಚಿದ, ಮೂರು ಸಲ ಮುಚ್ಚಿದ. ಏಳೂವರೆ ಅಲುಗಲಿಲ್ಲ. ಕೊನೆಗೆ ರಾದಿಶಾ, ಇವನೇ ನನ್ನ ಎಂಜಿನ್ ಕೆಡಿಸಿದ ಎಂದು ಸಂತೆಯಲ್ಲೆಲ್ಲ ಡಂಗುರ ಹೊಡೆದ. ಮೂವತ್ತು ವರ್ಷ ಅಂಗಡಿ ನಡೆಸಿದ ಬೊಗೊಸಾವ್ ಕಡಿಮೆ ಮಾತಿನ, ಭಾರೀ ಮೈಯ ಮನುಷ್ಯ. ಶುಕ್ರವಾರ ಸಂಜೆ ಹೋಟೆಲಿನಲ್ಲಿ ಎಲ್ಲರೆದುರು ಎದ್ದು ನಿಂತ.

"ನಾಳೆ ಬೆಳಗ್ಗೆ ವಿತೊಮಿರನ ಕಾರು ತನ್ನಿ. ಮುಚ್ಚಳದಿಂದ ಮುಚ್ಚಳಕ್ಕೆ ಅಳೆಯೋಣ. ನಾಲ್ಕು ಪಾಯಿಂಟ್ ಎರಡು ಬಂದ್ರೆ ನನ್ನ ಅಂಗಡಿ ಬೋರ್ಡು ನಾನೇ ಇಳಿಸ್ತೀನಿ."

"ಏಳು ಬಂದ್ರೆ ಆ ಮನೆ ಹೊಸ್ತಿಲು ನಾನು ತುಳಿಯಲ್ಲ," ಎಂದ ರಾದಿಶಾ, ಭಾವನ ಕಡೆ ನೋಡದೆ. "ಮನೆದೇವರ ಹಬ್ಬಕ್ಕೂ ಬರಲ್ಲ."

ಮಾತು ವಿತೊಮಿರನಿಗಿಂತ ಮೊದಲು ಮನೆ ಸೇರಿತ್ತು. ಹೆಂಡತಿ ಸ್ತಾನಾ ಕೂಗಾಡಲಿಲ್ಲ; ಕೂಗಾಡಿದ್ದರೆ ಒಳ್ಳೆಯದಿತ್ತು. ಮೂರು ವಾರದಲ್ಲಿ ಮನೆತನ ಕಾಯುವ ಸಂತನ ಹಬ್ಬ, ಇಡೀ ಬೀದಿ ಊಟಕ್ಕೆ ಬರುತ್ತದೆ, ಒಡಹುಟ್ಟಿದ ತಮ್ಮನ ಕುರ್ಚಿ ಖಾಲಿಯಿದ್ದರೆ ನಿನ್ನ ಕುರ್ಚಿಯನ್ನೂ ಅಂಗಳಕ್ಕೆ ಎಸೆಯುತ್ತೇನೆ ಎಂದಷ್ಟೇ ಹೇಳಿ ಚಳಿಗಾಲದ ಚಟ್ನಿಗೆ ಮೆಣಸಿನಕಾಯಿ ಸುಡುವುದಕ್ಕೆ ಹೋದಳು.

ಶನಿವಾರ ಬೆಳಕು ಹರಿಯುತ್ತಲೇ ವಿತೊಮಿರ್ ಕಾರಿನ ಹೊಟ್ಟೆ ಬಗೆಯತೊಡಗಿದ. ಹೆಚ್ಚುವರಿ ಚಕ್ರ, ಜಾಕು, ಹಿಮದ ಸರಪಳಿ, ಎರಡು ವರ್ಷದಿಂದ ಅಲ್ಲೇ ಇದ್ದ ಖಾಲಿ ಬಾಟಲಿಗಳು, ಕಾಲಡಿಯ ರಬ್ಬರಿನ ಹಾಸುಗಳು, ಎಲ್ಲ ಹೊರಗೆ ಬಂದವು. ಟೈರುಗಳಿಗೆ ಗಾಳಿ ತುಂಬಿದ, ತಟ್ಟಿದರೆ ಮದ್ದಳೆಯಂತೆ ಸದ್ದು ಬರುವವರೆಗೆ. ಪಕ್ಕದ ಮನೆಯ ಮಿಲುಂಕಾ ಬೇಲಿಗೆ ಗಲ್ಲ ಊರಿ ನೋಡುತ್ತಲೇ ಇದ್ದಳು. ಎಪ್ಪತ್ತು ದಾಟಿದ ಹೆಂಗಸು, ಬೀದಿಯಲ್ಲಿ ಅವಳ ಕಣ್ಣು ತಪ್ಪಿಸಿ ಬೆಕ್ಕೂ ಮರಿ ಹಾಕಿರಲಿಲ್ಲ. ಹೇಗೂ ನೀಶ್ ರಸ್ತೆಯಲ್ಲೇ ಹೊರಟಿದ್ದೀರಿ, ಡಿಕ್ಕಿಯೂ ಖಾಲಿ ಆಯಿತಲ್ಲ, ದಾರಿಯಲ್ಲೇ ಸಿಗುವ ಸ್ವರ್ಲಿಗ್‌ನಲ್ಲಿರುವ ತಂಗಿಗೆ ಎರಡು ಮೂಟೆ ಕೆಂಪು ಮೆಣಸಿನಕಾಯಿ ಮುಟ್ಟಿಸಬೇಕಿತ್ತು, ನಾನೂ ಬರುತ್ತೇನೆ ಎಂದಳು. ವಿತೊಮಿರ್ ಆಗುವುದಿಲ್ಲ ಎನ್ನುವಷ್ಟರಲ್ಲಿ ಬೊಗೊಸಾವ್, ರಾದಿಶಾ ಇಬ್ಬರೂ ಬಂದು ನಿಂತಿದ್ದರು.

"ಹತ್ತಲಿ ಬಿಡು," ಎಂದ ಬೊಗೊಸಾವ್. "ಪುಸ್ತಕ ಬರೆದವನ ಕಾರಲ್ಲಿ ಮಿಲುಂಕಾ ಇರಲಿಲ್ಲ. ನಮ್ಮಲ್ಲಿ ಇರ್ತಾಳೆ."

ಬೇಡವೆಂದರೆ ಹೆದರಿದ ಎಂದಾಗುತ್ತದೆ. ಮೂಟೆಗಳು ಏರಿದವು, ಮಿಲುಂಕಾ ಏರಿದಳು, ರಾದಿಶಾ ಏರಿದ. ಬೊಗೊಸಾವ್ ಮುಂದೆ ಕೂತಾಗ ಕಾರು ಬಲಗಡೆಗೆ ವಾಲಿ ನಿಟ್ಟುಸಿರು ಬಿಟ್ಟಿತು.

ಪೆಟ್ರೋಲ್ ಬಂಕಿನಲ್ಲಿ ಬೊಗೊಸಾವ್ ನಾಲ್ಕು ಚಕ್ರದ ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದ; ವಾಪಸು ಬಂದಾಗ ಕಾರು ಅದೇ ಗೆರೆಯೊಳಗೆ ನಿಲ್ಲಬೇಕು. ಟ್ಯಾಂಕಿನ ಮುಚ್ಚಳದವರೆಗೆ ಡೀಸೆಲ್ ತುಂಬಿಸಿ, ಒಳಗಿನ ಗಾಳಿ ಹೋಗಲಿ ಎಂದು ಎಲ್ಲರೂ ಸೇರಿ ಕಾರನ್ನು ತೊಟ್ಟಿಲಿನಂತೆ ತೂಗಿದರು. ನೊರೆ ಇಳಿಯಿತು, ಇನ್ನಷ್ಟು ಹಾಕಿದರು, ಮತ್ತೆ ತೂಗಿದರು. ಮುಚ್ಚಳ ಬಿಗಿದು ಬೊಗೊಸಾವ್ ಕಾರಿನ ದೂರದ ಮೀಟರ್ ಸೊನ್ನೆ ಮಾಡಿದ. ನೀಶ್ ರಸ್ತೆಯಲ್ಲಿ ಐವತ್ತು ಕಿಲೋಮೀಟರ್ ಹೋಗುವುದು, ಐವತ್ತು ಬರುವುದು, ಇಳಿಜಾರಿನಲ್ಲೂ ಎಂಜಿನ್ ಆರಿಸಕೂಡದು. ವಾಪಸು ಬಂದ ಮೇಲೆ ಮತ್ತೆ ಮುಚ್ಚಳದವರೆಗೆ ತುಂಬಿಸಲು ಎಷ್ಟು ಲೀಟರ್ ಬೇಕಾಯಿತೋ ಅಷ್ಟೇ ಕಾರು ಕುಡಿದ ಲೆಕ್ಕ.

ವಿತೊಮಿರ್ ಕಾಲಿನ ಶೂ ಕಳಚಿಟ್ಟ. ಬರಿಗಾಲಿನಲ್ಲಿ ಪೆಡಲನ್ನು ಮುಟ್ಟಿದ, ಮಲಗಿದ ಮಗುವಿನ ಹಣೆ ಮುಟ್ಟುವ ಹಾಗೆ.

ಕಾರು ಗಂಟೆಗೆ ನಲವತ್ತೈದರಲ್ಲಿ ಹೊರಟಿತು. ಸೆಪ್ಟೆಂಬರಿನ ಬಿಸಿಲು ಗಾಜಿನ ಮೇಲೆ ಕೂತಿತು. ಕಿಟಕಿ ಇಳಿಸಿದರೆ ಗಾಳಿ ಹಿಡಿದೆಳೆಯುತ್ತದೆ, ಎ.ಸಿ. ಹಾಕಿದರೆ ಡೀಸೆಲ್ ಹೋಗುತ್ತದೆ, ಎರಡೂ ಇಲ್ಲ. ಐದು ನಿಮಿಷದಲ್ಲಿ ಒಳಗೆ ಮೆಣಸಿನಕಾಯಿ, ಬೆವರು, ಬೊಗೊಸಾವ್ ಬೆಳಗ್ಗೆ ತಿಂದಿದ್ದ ಬೆಳ್ಳುಳ್ಳಿ ಸಾಸೇಜು ಒಂದಾದವು. ಉಸಿರು ಕಟ್ಟುತ್ತಿದೆ, ಗಾಜು ಇಳಿಸು ಎಂದು ಮಿಲುಂಕಾ ಗೋಗರೆದಳು. ತನಗೆ ಗಾಳಿ ತಗಲಿದರೆ ಕತ್ತು ಹಿಡಿಯುತ್ತದೆ ಎಂದು ವಿತೊಮಿರ್ ಸುಳ್ಳು ಹೇಳಿದ. ಗಾಳಿ ಕತ್ತಿಗೆ ಆಗದು ಎಂಬುದನ್ನು ಆ ಸೀಮೆಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಮಿಲುಂಕಾ ತಲೆವಸ್ತ್ರ ಬಿಚ್ಚಿ ಬೀಸಣಿಗೆಯಂತೆ ಬೀಸಿಕೊಂಡಳು.

ತ್ರೆಸಿಬಾಬಾ ಗುಡ್ಡದ ಏರಿನಲ್ಲಿ ಹಿಂದೆ ಸಾಲು ಬೆಳೆಯಿತು. ದ್ರಾಕ್ಷಿ ತುಂಬಿದ ಟ್ರ್ಯಾಕ್ಟರೊಂದು ಹಾದು ಮುಂದೆ ಹೋಯಿತು. ಓಡಿಸುತ್ತಿದ್ದ ಮುದುಕ ಟೋಪಿ ಎತ್ತಿ ನಮಸ್ಕರಿಸಿದ. ಅದರ ಹಿಂದೆ ಮದುವೆ ದಿಬ್ಬಣ. ಹನ್ನೆರಡು ಕಾರು, ಹನ್ನೆರಡು ಹಾರನ್ನು. ದಾಟುವಾಗ ಪ್ರತಿ ಕಿಟಕಿಯಿಂದ ಒಂದೊಂದು ಕೈ ಹೊರಬಂದು ವಿತೊಮಿರನ ವಂಶವನ್ನು ಪ್ರಶ್ನಿಸಿತು. ಅವನು ಯಾವುದನ್ನೂ ನೋಡಲಿಲ್ಲ. ಅವನ ಪ್ರಾಣವೆಲ್ಲ ಬಲಗಾಲಿನ ಹೆಬ್ಬೆರಳಿಗೆ ಇಳಿದಿತ್ತು.

ಬೊಗೊಸಾವ್ ಮಾತ್ರ ಆ ಹೆಬ್ಬೆರಳನ್ನೇ ನೋಡುತ್ತಿದ್ದ. ಅದೇ ವಿತೊಮಿರನಿಗೆ ಹೆಚ್ಚು ಭಯ.

ಸ್ವರ್ಲಿಗ್ ಇನ್ನೂ ಎರಡು ಕಿಲೋಮೀಟರ್ ಇರುವಾಗ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ. ಮೂವತ್ತು ವರ್ಷದ ಕೆಲಸದಲ್ಲಿ ನಿಧಾನಕ್ಕೆಂದು ಯಾರನ್ನೂ ನಿಲ್ಲಿಸಿರಲಿಲ್ಲ, ಇವತ್ತು ಆರು ಜನ ಫೋನು ಮಾಡಿದರು ಎಂದ. ಕುಡಿದಿದ್ದೀಯಾ ಎಂದು ಕೇಳಿದ. ಇಲ್ಲ ಎಂದರೆ, ಹಾಗಾದರೆ ಮೈ ಹುಷಾರಿಲ್ಲವೇ ಎಂದ. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಒಂದೊಂದು ಗುಟುಕೂ ವಿತೊಮಿರನ ಗಂಟಲಿನಿಂದ ಇಳಿದು ಹೋದಂತಾಗುತ್ತಿತ್ತು. ಪೊಲೀಸಿನವನು ಕಾಗದಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ಅಷ್ಟರಲ್ಲಿ ಮಿಲುಂಕಾ ಹಿಂದಿನಿಂದ ಇಡೀ ಕತೆ ಹೇಳಿಬಿಟ್ಟಳು.

ಪೊಲೀಸಿನವನ ಮುಖ ಮೃದುವಾಯಿತು. ತನ್ನದೂ ಇದೇ ಕಾರು ಎಂದ. "ನಂದು ಐದು ಕುಡಿಯುತ್ತೆ," ಎಂದು ಕಾಗದ ವಾಪಸು ಕೊಟ್ಟ. ಕಾರಿನೊಳಗಿದ್ದವರಲ್ಲಿ ಮೂವರು ಮನಸ್ಸಿನಲ್ಲೇ ಮೂರು ಕೂಡಿಸಿಕೊಂಡು ತಲೆದೂಗಿದರು. ರಾದಿಶಾ ಮಾತ್ರ ನಂಬಿ ಲೊಚಗುಟ್ಟಿದ.

ಮೂಟೆಗಳೂ ಮಿಲುಂಕಾಳೂ ಇಳಿದ ಮೇಲೆ ಕಾರು ಹಗುರವಾಯಿತು. ಐವತ್ತನೇ ಕಿಲೋಮೀಟರಿಗೆ ಕಾರು ತಿರುಗಿಸಿದರು. ವಾಪಸಿನ ದಾರಿಯುದ್ದಕ್ಕೂ ವಿತೊಮಿರ್ ಬ್ರೇಕಿಗೆ ಕಾಲಿಡಲಿಲ್ಲ. ಇಳಿಜಾರಿನಲ್ಲಿ ಗೇರು ಬಿಡಿಸಿ ತಿರುವಿನಿಂದ ತಿರುವಿಗೆ ಕಾರನ್ನು ತೇಲಿಬಿಟ್ಟ. ಒಂದು ಕಡೆ ಹಸು ಅಡ್ಡ ಬಂತು. ಬ್ರೇಕು ಹಾಕಿದರೆ ಗಳಿಸಿದ ವೇಗವೆಲ್ಲ ಮಣ್ಣುಪಾಲು. ಹಾರನ್ ಒತ್ತಿ, ಕಣ್ಣು ಮುಚ್ಚಿ, ಮನೆದೇವರನ್ನು ನೆನೆದ. ಹಸು ಸರಿಯಿತೋ ಕಾರೇ ಸರಿಯಿತೋ, ಕಣ್ಣು ತೆರೆದಾಗ ರಸ್ತೆ ಖಾಲಿಯಿತ್ತು. ರಾದಿಶಾ ಹಿಂದಿನ ಸೀಟಿನಲ್ಲಿ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದ.

ಬಂಕಿನಲ್ಲಿ ಅರ್ಧ ಊರು ಕಾದಿತ್ತು. ಸ್ತಾನಾ ಕೈಕಟ್ಟಿ ಕಂಬದ ಪಕ್ಕ ನಿಂತಿದ್ದಳು. ಕಾರು ಸುಣ್ಣದ ಗೆರೆಯೊಳಗೆ ನಿಂತಿತು. ಮುಚ್ಚಳ ತೆರೆದರು. ಡೀಸೆಲ್ ಹರಿಯತೊಡಗಿತು, ಅಂಕಿ ಏರತೊಡಗಿತು. ಎರಡು. ಮೂರು. ಮೂರೂವರೆ. ಮೂರು ಪಾಯಿಂಟ್ ಒಂಬತ್ತಕ್ಕೆ ನಳಿಕೆ ಟಕ್ ಎಂದು ನಿಂತಿತು. ಯಾರೋ ಚಪ್ಪಾಳೆಗೆ ಕೈ ಎತ್ತಿದರು. ತೂಗಿ ಎಂದ ಬೊಗೊಸಾವ್. ತೂಗಿದರು. ನೊರೆ ಇಳಿಯಿತು. ಹನಿಹನಿಯಾಗಿ ಹಾಕಿದರು. ನಾಲ್ಕು. ನಾಲ್ಕು ಪಾಯಿಂಟ್ ಒಂದು. ಮತ್ತೆ ತೂಗಿದರು. ಡೀಸೆಲ್ ಮುಚ್ಚಳದ ಅಂಚಿಗೆ ಬಂದು ಮಿನುಗಿ ನಿಂತಾಗ ಅಂಕಿ ನಾಲ್ಕು ಪಾಯಿಂಟ್ ಎರಡು.

ವಿತೊಮಿರ್ ಕಾರಿಗೆ ಒರಗಿದ. ಎರಡು ವರ್ಷದ ಸುಳ್ಳು ಒಂದೇ ಬೆಳಗ್ಗೆ ನಿಜವಾಗಿಬಿಟ್ಟಿತ್ತು. ಸ್ತಾನಾ ಕಟ್ಟಿದ ಕೈ ಬಿಟ್ಟಳು. ರಾದಿಶಾ ಭಾವನನ್ನು ತಬ್ಬಿಕೊಂಡು ಮೂರು ಸಲ ಮುತ್ತಿಟ್ಟ, ಆಮೇಲೆ ಬೊಗೊಸಾವ್ ಕಡೆ ತಿರುಗಿ, ಏಣಿ ಬೇಕೇ ಎಂದು ಕೇಳಿದ.

ಬೊಗೊಸಾವ್ ರಸೀದಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿದ. ಬೋರ್ಡು ಇಳಿಸುತ್ತೇನೆ, ಅದಕ್ಕೇನು, ಅದಕ್ಕೆ ಮೊದಲು ಒಂದೇ ಒಂದು ಕೆಲಸ ಎಂದ.

"ಈಗ ರಾದಿಶಾನ ಕಾರು. ಅದೇ ರಸ್ತೆ. ಓಡಿಸೋನು ಮಾತ್ರ ವಿತೊಮಿರ್."

ಆಗಲೇ ಯೋಚಿಸಬೇಕಿತ್ತು. ಆದರೆ ಗೆದ್ದ ಗಂಡಸು ಯೋಚಿಸುತ್ತಾನೆಯೇ? ಸುತ್ತ ನಿಂತವರು ಮೊದಲ ಬಾರಿಗೆ, ಮನಸ್ಸಿನಲ್ಲಿ ಏನೂ ಕೂಡಿಸಿಕೊಳ್ಳದೆ, ಅವನನ್ನು ಭಲೇ ಎನ್ನುತ್ತಿದ್ದರು. ವಿತೊಮಿರ್ ಮತ್ತೆ ಶೂ ಕಳಚಿದ. ಈ ಸಲ ಮೂಟೆಗಳಿರಲಿಲ್ಲ, ಪೊಲೀಸಿನವನು ದೂರದಿಂದಲೇ ಸಲಾಮು ಹೊಡೆದು ಬಿಟ್ಟ. ಅರ್ಧ ದಾರಿಯಲ್ಲಿ ಒಮ್ಮೆ, ಪೆಡಲನ್ನು ಸ್ವಲ್ಪ ಜೋರಾಗಿ ಒತ್ತಿದರೆ ಒಳ್ಳೆಯದೇನೋ ಎಂಬ ಯೋಚನೆ ಸುಳಿದದ್ದು ನಿಜ. ಕಾಲು ಕೇಳಲಿಲ್ಲ. ಅದಕ್ಕೆ ಕೀರ್ತಿಯ ರುಚಿ ಹತ್ತಿತ್ತು.

ನಾಲ್ಕು ಪಾಯಿಂಟ್ ಒಂದು ಬಂತು.

ಬೊಗೊಸಾವ್ ಎರಡನೇ ರಸೀದಿಯನ್ನು ಮೊದಲನೆಯದರ ಜೊತೆ ಹಿಡಿದು ಎಲ್ಲರಿಗೂ ತೋರಿಸಿದ. ವಿತೊಮಿರ್ ಸುಳ್ಳು ಹೇಳಿಲ್ಲ. ಎಂಜಿನ್ ಕೆಟ್ಟಿಲ್ಲ. ತಾನು ಕೆಡಿಸಿಲ್ಲ. ಇನ್ನು ಉಳಿದದ್ದು ಒಂದೇ. ಅವನು ರಾದಿಶಾನ ಬಲಗಾಲನ್ನು ನೋಡಿದ. ಎಲ್ಲರೂ ಅದನ್ನೇ ನೋಡಿದರು. ರಾದಿಶಾನೂ ಕುತ್ತಿಗೆ ಬಗ್ಗಿಸಿ, ಬೇರೆಯವರ ಕಾಲು ನೋಡುವಂತೆ ಬಹಳ ಹೊತ್ತು ನೋಡಿದ. ಅವನ ಕಿವಿ ಮೆಣಸಿನಕಾಯಿಯಂತೆ ಕೆಂಪಾಯಿತು. ಈಗ ಹೊಡೆತ ಬೀಳುತ್ತದೆ ಎಂದು ವಿತೊಮಿರ್ ಅರ್ಧ ಹೆಜ್ಜೆ ಹಿಂದೆ ಸರಿದ.

ಹೊಡೆತ ಬೀಳಲಿಲ್ಲ. ರಾದಿಶಾ ಕಾರಿನ ಬೀಗದ ಕೈಯನ್ನು ಭಾವನ ಅಂಗೈಯಲ್ಲೇ ಉಳಿಸಿ, ಬೆರಳುಗಳನ್ನು ಒಂದೊಂದಾಗಿ ಮಡಚಿದ. ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕೂತಿದ್ದೀಯ, ಇನ್ನು ಮೇಲೆ ಸಂತೆಗೆ ನೀನೇ ಓಡಿಸು ಎಂದ. ವಾರಕ್ಕೆ ಮೂರು ದಿನ, ಹೋಗುವುದಕ್ಕೆ ಒಂದೂವರೆ ಗಂಟೆ, ಬರುವುದಕ್ಕೆ ಒಂದೂವರೆ ಗಂಟೆ, ಚೀಸಿನ ವಾಸನೆಯಲ್ಲಿ, ಕಿಟಕಿ ಮುಚ್ಚಿ. ವಿತೊಮಿರ್ ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಒಪ್ಪಿಕೊಂಡಾಗಿತ್ತು.

ಆಗ ಅವನು ಎರಡು ವರ್ಷದಲ್ಲಿ ಮಾಡದ ಕೆಲಸ ಮಾಡಿದ.

"ಕೇಳಿ. ನನ್ನ ಕಾರು ಏಳೂವರೆ ಕುಡಿಯುತ್ತೆ. ದಿನಾ ಏಳೂವರೆ. ಇವತ್ತು ಉಸಿರು ಬಿಗಿಹಿಡಿದು ಓಡಿಸಿದ್ದಕ್ಕೆ ಹಂಗೆ ಬಂತು. ನಾನು ಶುರುವಿಂದ ಸುಳ್ಳು ಹೇಳಿದೀನಿ."

ಬೊಗೊಸಾವ್ ರಸೀದಿಗಳನ್ನು ಮತ್ತೆ ಎತ್ತಿ ಹಿಡಿದ. ಬಂಕಿನ ತುಂಬ ನಗು ಎದ್ದಿತು. ರಾದಿಶಾ ಮಾತ್ರ ನಗಲಿಲ್ಲ. ಅವನ ಕಣ್ಣಲ್ಲಿ ನೋವಿತ್ತು.

"ಇಷ್ಟು ವರ್ಷ ನಂಗೆ ಒಂದು ಸುಳ್ಳೂ ಹೇಳಿರಲಿಲ್ಲ ನೀನು," ಎಂದ. "ಈಗ ಕೆಲಸ ತಪ್ಪಿಸ್ಕೊಳ್ಳೋಕೆ ಇಷ್ಟು ಕೆಳಗಿಳೀತೀಯಾ, ಭಾವ? ಹೋಗಲಿ ಬಿಡು. ಸೋಮವಾರ ಬೆಳಗ್ಗೆ ಐದು ಗಂಟೆ."