ಬೋರ್ಡಿನ ಮೇಲಿನ ಸಾಲು

ಎಲ್ಲದಕ್ಕೂ ಮೂಲ ವಕೀಲರ ಗಂಟಲು. ಕೋರ್ಟಿನಲ್ಲಿ ಕೂಗಾಡಿ ಗಂಟಲು ಕಟ್ಟಿದ್ದರೆ ಒಂದು ಮರ್ಯಾದೆ ಇರುತ್ತಿತ್ತು. ಹಾಗೇನೂ ಅಲ್ಲ, ಸುಮ್ಮನೆ ಒಂದು ನೆಗಡಿ ಬಂದಿತ್ತು, ಹೋಗುವಾಗ ದನಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟು ನೋಡಿ, ಈ ವಾರ ಪೂರ್ತಿ ಒಂದಕ್ಷರ ಆಡಕೂಡದು, ಪಿಸುಗುಟ್ಟಲೂ ಕೂಡದು ಎಂದು ಕಟ್ಟಪ್ಪಣೆ ಮಾಡಿದರು. ವಕೀಲರು ಮಹಡಿಯ ಮೇಲಿನ ಮನೆಯಲ್ಲಿ ಕಿಟಕಿ ಪಕ್ಕದ ಕುರ್ಚಿ ಹಿಡಿದು ಕೂತರು. ಕೆಳಗಿನ ಆಫೀಸು ಮಗಳ ಕೈಗೆ ಬಂತು.

ಮಗಳೂ ವಕೀಲಳೇ. ದೊಡ್ಡ ಊರಿನ ದೊಡ್ಡ ಆಫೀಸಿನಲ್ಲಿ ಕೆಲವು ವರ್ಷ ಪಳಗಿ ಬಂದವಳು. ಕಪ್ಪು ಕೋಟು ಹಾಕಿ ನಿಂತರೆ ಗೊತ್ತಿಲ್ಲದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ತೊಂದರೆ ಏನೆಂದರೆ ಈ ಬೀದಿಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಇಲ್ಲಿ ಅವಳು ಪುಟ್ಟಿ. ಅವಳಿಗೂ ಒಂದು ಚೆಂದದ ಹೆಸರಿತ್ತು, ಆದರೆ ಶಾಲೆಯ ಹಾಜರಿಯಲ್ಲಿ ಬಿಟ್ಟರೆ ಅದನ್ನು ಯಾರೂ ಕೂಗಿದ್ದೇ ಇಲ್ಲ. ಇಡೀ ಬೀದಿ ಒಂದು ಕಡೆ ಇರುವಾಗ ನಾವೊಬ್ಬರು ಬೇರೆ ಕರೆದು ಸಾಧಿಸುವುದೇನು? ನಮಗೂ ಅವಳು ಪುಟ್ಟಿಯೇ.

ಹಾಗೆ ನೋಡಿದರೆ ಅಪ್ಪನಿಗೂ ಹೆಸರಿರಲಿಲ್ಲ. ಬೋರ್ಡಿನ ಮೇಲೆ ಇದ್ದದ್ದು ಬಿಸಿಲಿಗೆ ಮಾಸಿ ಹೋಗಿತ್ತು, ಮಾಸುವ ಮುಂಚೆಯೂ ಅದನ್ನು ಯಾರೂ ಓದಿರಲಿಲ್ಲ. ಬೀದಿಗೆ ಅವರು 'ನೋಡೋಣ ವಕೀಲರು'. ಯಾರು ಯಾವ ತಕರಾರು ತಂದರೂ ಕೊನೆಯ ತನಕ ಕೇಳುವರು. ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಏರಿಸಿಕೊಂಡು, 'ನೋಡೋಣ' ಎನ್ನುವರು. ಬಂದವನು ಅರ್ಧ ಕೇಸು ಗೆದ್ದವನ ಹಾಗೆ ಹಗುರಾಗಿ ಎದ್ದು ಹೋಗುವನು.

ಪುಟ್ಟಿಗೆ ಆ ಮಾತು ಕಂಡರಾಗದು. ಆಫೀಸಿನಲ್ಲಿ ಅದಕ್ಕೆ ಯಾವ ಅರ್ಥವಿತ್ತೋ, ಮನೆಯಲ್ಲಿ ಮಾತ್ರ ಅದಕ್ಕೆ 'ಇಲ್ಲ' ಎಂಬ ಒಂದೇ ಅರ್ಥ. ಚಿಕ್ಕಂದಿನಲ್ಲಿ ಅವಳು ಸೈಕಲ್ ಕೇಳಿದ್ದಳು. ಅಪ್ಪ ನೋಡೋಣ ಎಂದರು. ಮರುವರ್ಷವೂ ಕೇಳಿದಳು, ಮರುವರ್ಷವೂ ನೋಡೋಣ. ಆ ಸೈಕಲ್ಲು ಇವತ್ತಿನವರೆಗೂ ಬಂದಿಲ್ಲ. ತಾನು ದೊಡ್ಡವಳಾದ ಮೇಲೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿಬಿಡುವುದು, ಸತ್ತರೂ ಆ ಮಾತು ಆಡುವುದಿಲ್ಲ ಎಂದು ಅವಳು ಆಗಲೇ ತೀರ್ಮಾನ ಮಾಡಿಕೊಂಡಿದ್ದಳು.

ಆಫೀಸು ಕೈಗೆ ಬಂದ ದಿನ ಬೆಳಿಗ್ಗೆ ಅಪ್ಪ ಅವಳನ್ನು ಹತ್ತಿರ ಕರೆದು ಒಂದು ಚೀಟಿಯ ಮೇಲೆ ಬರೆದು ತೋರಿಸಿದರು. 'ಬೋರ್ಡು ಹೊಸದು ಬರೆಸು. ನಿನ್ನ ಹೆಸರು ಹಾಕಿಸು. ನನ್ನದು ಸಾಕಾಯಿತು.' ಪುಟ್ಟಿಗೆ ಕಣ್ಣು ತುಂಬಿ ಬಂತು. ದೊಡ್ಡ ಊರಿನ ಕೆಲಸ ಬಿಟ್ಟು ಬಂದಾಗಿನಿಂದ ಅವಳು ಕಾಯುತ್ತಿದ್ದದ್ದು ಇದಕ್ಕೇ. ತನ್ನ ಹೆಸರು ಬೀದಿಯ ಕಣ್ಣಿಗೆ ಬಿದ್ದರೆ ತಾನು ಪುಟ್ಟಿಯಾಗಿರುವುದೂ ಇಂಥವರ ಮಗಳಾಗಿರುವುದೂ ತಪ್ಪುತ್ತದೆ, ವಕೀಲಳಾಗಿಬಿಡಬಹುದು ಎಂದು ಅವಳ ಲೆಕ್ಕಾಚಾರ.

ಪೇಂಟರು ಬಂದ. ಕೈಬರಹ ಮುತ್ತಿನಂಥದ್ದು, ಆದರೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುವ ಆಸಾಮಿ. ಎದುರಿನ ಟೈಲರು ತನ್ನ ಬೋರ್ಡಿಗೆ 'ಹೊಲಿಗೆ ಅಂಗಡಿ, ಅಷ್ಟೇ ಸಾಕು' ಎಂದಿದ್ದ. 'ಹೊಲಿಗೆ ಅಂಗಡಿ ಅಷ್ಟೇ ಸಾಕು' ಎಂಬ ಬೋರ್ಡು ಇವತ್ತಿಗೂ ಅಲ್ಲಿ ನೇತಾಡುತ್ತಿದೆ. ಪುಟ್ಟಿ ಹುಷಾರಾಗಿ, ಕೆಳಗಿನ ಸಾಲಿಗೆ 'ವಕೀಲರು', ಮೇಲಿನ ಸಾಲಿಗೆ ತನ್ನ ಹೆಸರು ಎಂದು ಹೇಳಲು ಹೊರಟಳು. ಅಷ್ಟರಲ್ಲಿ ಪಕ್ಕದ ಟೈಪಿಸ್ಟು ಮೂಗು ತೂರಿಸಿದ. ಆಫೀಸಿನ ಜಗಲಿಯ ಮೇಲೆ ಮೇಜು ಹಾಕಿಕೊಂಡು ಜೀವಮಾನವಿಡೀ ದಾವೆಗಳನ್ನು ಟೈಪ್ ಮಾಡಿದವನು, ತನ್ನನ್ನು ಮುಕ್ಕಾಲು ವಕೀಲನೆಂದೇ ತಿಳಿದವನು. ಹೆಸರಿನ ಮುಂದೆ ಡಿಗ್ರಿ ಬರಬೇಕು ಎಂದ. ಮಹಡಿಯಿಂದ ಅಮ್ಮ, ಹೆಸರಿನ ಹಿಂದೆ ಅಪ್ಪನ ಹೆಸರೂ ಇರಲಿ ಎಂದರು. ಇನಿಷಿಯಲ್ ಸಾಕು ಎಂದು ದಾರಿಹೋಕನೊಬ್ಬ ತೀರ್ಪು ಕೊಟ್ಟು ಹೋದ. ಪುಟ್ಟಿ ತಲೆ ಚಚ್ಚಿಕೊಂಡು, ಮೊದಲು ಕೆಳಗಿನ ಸಾಲು ಬರಿ, ಮೇಲಿನದು ಆಮೇಲೆ ಹೇಳುತ್ತೇನೆ ಎಂದು ಒಳಗೆ ಬಂದಳು. ಪೇಂಟರು ಆಫೀಸಿನ ಕಿಟಕಿಯ ಪಕ್ಕ ಏಣಿ ಹಾಕಿದ.

ಒಳಗೆ ಬೇಕರಿಯವರು ಕಾಯುತ್ತಿದ್ದರು. ಎದುರಿನ ಟೈಲರು ಇವರ ಸ್ವಂತ ತಮ್ಮ. ಅವ್ವ ಬಿಟ್ಟುಹೋದ ಒಂದೇ ಮನೆಯಲ್ಲಿ ಇಬ್ಬರ ಸಂಸಾರವೂ ಇತ್ತು. ಮನೆ ಭಾಗ ಮಾಡಿ ನಡುವೆ ಗೋಡೆ ಹಾಕಿಸಿಕೊಡಿ ಎಂಬುದು ಬೇಕರಿಯವರ ಹಳೇ ಬೇಡಿಕೆ. ತಮ್ಮನ ಮೇಲೆ ಸಿಟ್ಟು ಬಂದಾಗಲೆಲ್ಲ ಬಂದು ಹೇಳಿಕೊಳ್ಳುವರು, ವಕೀಲರು ನೋಡೋಣ ಎನ್ನುವರು, ಇವರು ಎದ್ದು ಹೋಗುವರು. ಈ ಸಲ ವಕೀಲರಿಲ್ಲದ್ದರಿಂದ ಪುಟ್ಟಿಗೆ ಹೇಳಿದರು. ಹೇಳಿ ಮುಗಿಸಿ, ಮುಂದಿನ ಮಾತಿಗಾಗಿ ಆಸೆಯಿಂದ ಅವಳ ಮುಖ ನೋಡಿದರು.

ಪುಟ್ಟಿ ಎರಡೇ ಪ್ರಶ್ನೆ ಕೇಳಿದಳು. "ನಿಮ್ಮ ಕೇಸು ಗಟ್ಟಿಯಾಗಿದೆ ಮಾಮ. ಅರ್ಧ ಮನೆ ನಿಮಗೆ ಬಂದೇ ಬರುತ್ತೆ. ಇವತ್ತೇ ನೋಟಿಸ್ ಕಳಿಸ್ತೀನಿ."

ಬೇಕರಿಯವರು ಕುರ್ಚಿಯ ತುದಿಗೆ ಸರಿದರು. ಅಲ್ಲಿಯವರೆಗೆ 'ನೀನು' ಎನ್ನುತ್ತಿದ್ದವರು, "ಹಾಗಂತೀರಾ?" ಎಂದು ಬಹುವಚನಕ್ಕೆ ಏರಿ, ಸುಮ್ಮನೆ ಎದ್ದು ಹೋದರು. ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನು ಕಾನೂನು ಓದಿದವರೂ ನಂಬುತ್ತಾರೆ. ಪುಟ್ಟಿ ನೋಟಿಸು ಬರೆದು ಟೈಪಿಸ್ಟನ ಕೈಗೆ ಕೊಟ್ಟಳು.

ಟೈಪಿಸ್ಟನಿಗೆ ಗಟ್ಟಿಯಾಗಿ ಓದಿಕೊಂಡೇ ಟೈಪ್ ಮಾಡುವ ಅಭ್ಯಾಸ. ಅಪ್ಪನ ಕಾಲದಲ್ಲಿ ಅವನ ಕೈಗೆ ಹೋಗುತ್ತಿದ್ದದ್ದು ಬರೀ ಬಾಡಿಗೆ ಕರಾರು, ಅರ್ಜಿ ಇಂಥವು. ಬಹಳ ದಿನಗಳ ಮೇಲೆ ಸಿಕ್ಕ ಖಾರದ ನೋಟಿಸನ್ನು ಅವನು ನಾಟಕದವರ ಹಾಗೆ ಏರಿಳಿಸಿ ಓದಿದ. ಬೀದಿಯ ಆಚೆ ಹೊಲಿಗೆ ಯಂತ್ರ ನಿಂತುಹೋಯಿತು.

ಟೈಲರು ಕೊರಳಿನ ಟೇಪು ತೆಗೆಯದೆ, ಕೈಯ ಕತ್ತರಿ ಇಡದೆ ಆಫೀಸಿಗೆ ಬಂದ. ತಾನೂ ಇದೇ ವಕೀಲರ ಹತ್ತಿರ ಅಣ್ಣನ ಮೇಲೆ ದೂರು ಹೇಳಿದ್ದೇನೆ, ತನಗೂ ಅವರು ಅದೇ ಮಾತು ಹೇಳಿದ್ದಾರೆ, ಇಬ್ಬರ ವಕಾಲತ್ತನ್ನೂ ತೆಗೆದುಕೊಂಡಿಲ್ಲ, ಹೀಗಿರುವಾಗ ಇದೇನಿದು ಎಂದು ಕೇಳಿದ. ಪುಟ್ಟಿಗೆ ವೃತ್ತಿಧರ್ಮ ನೆನಪಾಯಿತು. ಎದುರು ಪಕ್ಷದವರ ಜೊತೆ ತಾನು ಮಾತಾಡುವ ಹಾಗಿಲ್ಲ ಎಂದಳು.

ಟೈಲರು ಅವಳ ಕೋಟನ್ನೇ ನೋಡಿದ. "ಆ ಕೋಟು ಹೊಲಿದೋನು ನಾನು ಕಣಮ್ಮ. ಮೊದಲನೇ ಕೋಟು ಅಂತ ರಾತ್ರಿಯೆಲ್ಲ ಕೂತು ಗುಂಡಿ ಕಾಜಾ ಕೈಯಲ್ಲೇ ಹಾಕಿದ್ದೆ. ನಾನು ಎದುರು ಪಕ್ಷಾನಾ?"

ಅವನು ಉತ್ತರಕ್ಕೆ ಕಾಯಲಿಲ್ಲ. ಕೋರ್ಟಿನ ತನಕ ಯಾಕೆ, ಗೋಡೆ ತಾನೇ ಕಟ್ಟಿಸುತ್ತೇನೆ ಎಂದು ಹೋದ. ಕಿಟಕಿಯಿಂದ ಪೇಂಟರು, ಮೇಲಿನ ಸಾಲಿಗೆ ಏನು ಎಂದು ಕೇಳಿದ. ಪುಟ್ಟಿ ಆಮೇಲೆ ಎಂದಳು.

ಊಟಕ್ಕೆ ಮೇಲೆ ಹೋದವಳು ಅನ್ನ ಕಲಸುತ್ತಲೇ ಕೂತಳು. ಪಕ್ಕದ ಕೋಣೆಯಲ್ಲಿ ಅಪ್ಪ ನಿದ್ದೆ ಹೋಗಿದ್ದರು. ತಾನು ನಿಜ ಹೇಳಿದ್ದೇ ತಪ್ಪಾಯಿತಾ, ಅಪ್ಪನ ಹಾಗೆ ಎಲ್ಲರಿಗೂ ನೋಡೋಣ, ನೋಡೋಣ ಎಂದು ಮೂಗಿಗೆ ತುಪ್ಪ ಸವರಬೇಕಿತ್ತಾ ಎಂದು ಅಮ್ಮನ ಮೇಲೆ ರೇಗಿದಳು.

ಅಮ್ಮ ನೀರಿನ ಲೋಟ ಅವಳ ಮುಂದೆ ಸರಿಸಿದರು. "ಆ ಮಾತು ನಿಮ್ಮಪ್ಪಂದಲ್ಲ, ನಂದು. ಆಫೀಸು ಶುರು ಮಾಡಿದ ಹೊಸದರಲ್ಲಿ ಒಬ್ಬರೂ ಬರ್ತಿರಲಿಲ್ಲ. ಸಂಜೆ ಮೇಲೆ ಬಂದು, ಮುಚ್ಚಿಬಿಡ್ಲಾ ಅಂತ ಕೇಳೋರು. ಮುಚ್ಚಿ ಅನ್ನೋಕೆ ಮನಸ್ಸು ಬರ್ತಿರಲಿಲ್ಲ, ಬೇಡ ಅನ್ನೋಕೆ ಧೈರ್ಯ ಇರಲಿಲ್ಲ. ನೋಡೋಣ ಅಂತಿದ್ದೆ. ನೋಡ್ತೀನಿ ಅಂದ್ರೆ ನಾನೊಬ್ಬಳೇ ನೋಡಬೇಕು. ನೋಡಿ ಅಂದ್ರೆ ಅವರೊಬ್ಬರೇ. ನೋಡೋಣ ಅಂದ್ರೆ ಇಬ್ಬರೂ. ಅದರಲ್ಲಿರೋದು ಅಷ್ಟೇ."

"ನನ್ನ ಸೈಕಲ್ಲನ್ನೂ ಹಾಗೇ ನೋಡಿದ್ರಾ?"

"ನೋಡಿದ್ರಲ್ಲೇ. ಪೇಟೆಗೆ ಹೋದಾಗಲೆಲ್ಲ ನಿನ್ನ ಕೈ ಹಿಡ್ಕೊಂಡು ಆ ಅಂಗಡಿ ಮುಂದೆ ನಿಲ್ತಿದ್ರು. ನಿನ್ನ ಎತ್ತಿ ಬೆಲ್ಲು ಹೊಡೆಸ್ತಿದ್ರು. ಮರೆತುಹೋಯ್ತಾ?"

ಮರೆತಿರಲಿಲ್ಲ. ಆ ಬೆಲ್ಲಿನ ಸದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಅದನ್ನೂ ಅಪ್ಪನ 'ನೋಡೋಣ'ವನ್ನೂ ಮಾತ್ರ ಅವಳು ಇಷ್ಟು ವರ್ಷ ಬೇರೆ ಬೇರೆ ಲೆಕ್ಕಕ್ಕೆ ಹಾಕಿದ್ದಳು.

ಅವಳು ಇಳಿದು ಬರುವಷ್ಟರಲ್ಲಿ ಬೀದಿಯಲ್ಲಿ ಒಂದು ಲೋಡು ಇಟ್ಟಿಗೆ ಬಿದ್ದಿತ್ತು. ಅದೂ ಬೇಕರಿಯ ಬಾಗಿಲಿಗೆ ಅಡ್ಡವಾಗಿ. ಬ್ರೆಡ್ಡಿಗೆ ಬಂದವರು ಇಟ್ಟಿಗೆ ಹತ್ತಿ ಇಳಿಯುತ್ತಿದ್ದರು. ಮನೆಯೊಳಗೆ ಗಾರೆಯವನು ದಾರ ಹಿಡಿದು ಅಳತೆ ಮಾಡಿದ್ದನಂತೆ. ದಾರ ಸರಿಯಾಗಿ ಅವ್ವನ ಮಂಚದ ಮೇಲೆ ಹಾಯ್ದು ಹೋಯಿತಂತೆ. ತಲೆದಿಂಬು ಅಣ್ಣನ ಕಡೆ, ಕಾಲ್ದೆಸೆ ತಮ್ಮನ ಕಡೆ. ಅದನ್ನು ನೋಡಿ ಇಬ್ಬರೂ ಅಲ್ಲೇ ಕುಸಿದು ಕೂತರಂತೆ. ಈ ವರದಿಯನ್ನು ತಂದವನು ಟೈಪಿಸ್ಟು.

ಸಂಜೆಯ ಹೊತ್ತಿಗೆ ಅಣ್ಣ, ತಮ್ಮ, ಅವರ ಹಿಂದೆ ಅರ್ಧ ಬೀದಿ ಆಫೀಸಿನೊಳಗೆ ತುಂಬಿಕೊಂಡಿತು. ಪುಟ್ಟಿ ನೋಟಿಸನ್ನು ಇನ್ನೂ ಕಳಿಸಿರಲಿಲ್ಲ. ಕಳಿಸಿದ್ದಿದ್ದರೂ ಹೆಚ್ಚೇನೂ ಆಗುತ್ತಿರಲಿಲ್ಲ, ಆಗುವುದೆಲ್ಲ ಆಗಿ ಹೋಗಿತ್ತು.

"ಗೋಡೆ ಬೇಕು ಅಂದಿದ್ದು ನಿಜ," ಎಂದರು ಬೇಕರಿಯವರು. "ಆದ್ರೆ ಕಟ್ಟಿ ಅಂತ ನಾನು ಯಾವತ್ತು ಹೇಳಿದೆ?"

ಟೈಲರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಇಟ್ಟಿಗೆ ತರಿಸಿದ್ದು ತಾನು ನಿಜ, ಆದರೆ ಅಣ್ಣ ಬಂದು ತಡೆಯುತ್ತಾನೆ ಅಂದುಕೊಂಡಿದ್ದೆ ಎಂದ.

ಗಲಾಟೆ ಕೇಳಿ ಅಪ್ಪ ಇಳಿದು ಬಂದರು. ಜನ ದಾರಿ ಬಿಟ್ಟರು. ಅಪ್ಪ ಕನ್ನಡಕ ತೆಗೆದರು, ಅಂಗಿಯ ಅಂಚಿನಲ್ಲಿ ಒರೆಸಿದರು, ಏರಿಸಿಕೊಂಡರು. ಇಡೀ ಆಫೀಸು ಮುಂದಕ್ಕೆ ಬಾಗಿತು. ಅವರು ಬಾಯಿ ತೆರೆದರು, ಡಾಕ್ಟರ ನೆನಪಾಗಿ ಮುಚ್ಚಿದರು. ಚೀಟಿ ತೆಗೆದು ಬರೆಯಲು ಹೋದರೆ ಬೇಕರಿಯವರು ಕೈಮುಗಿದು, ಬರೆಯಬೇಡಿ, ಬರೆದರೆ ಅದೂ ಒಂದು ಕಾಗದ ಆಗುತ್ತದೆ ಎಂದರು. ಆಗ ಎಲ್ಲರ ಕಣ್ಣೂ ಪುಟ್ಟಿಯ ಕಡೆ ತಿರುಗಿತು. ಅಪ್ಪನ ಕಣ್ಣೂ ತಿರುಗಿತು.

ಅದೇ ಹೊತ್ತಿಗೆ ಪೇಂಟರು ಕಿಟಕಿಯಲ್ಲಿ ತಲೆ ತೂರಿಸಿ, ಕತ್ತಲಾಗುತ್ತಿದೆ, ಮೇಲಿನ ಸಾಲಿಗೆ ಏನು ಬರೆಯಲಿ ಎಂದು ಕೇಳಿದ. ಯಾರೂ ಆ ಕಡೆ ನೋಡಲಿಲ್ಲ.

ಪುಟ್ಟಿ ಅಣ್ಣತಮ್ಮಂದಿರನ್ನು ನೋಡಿದಳು. ಇಬ್ಬರ ಕಣ್ಣೂ ಒದ್ದೆಯಾಗಿತ್ತು. ಕೇಸು ಗಟ್ಟಿಯಾಗಿದೆ ಎಂದು ಅವಳಿಗೆ ಗೊತ್ತಿತ್ತು, ಇವರು ಗಟ್ಟಿಯಾಗಿಲ್ಲ ಎಂಬುದು ಈಗ ಗೊತ್ತಾಯಿತು. ಅವಳು ನೋಟಿಸನ್ನು ಮಡಚಿ ಡ್ರಾಯರಿಗೆ ಹಾಕಿ, ಗಂಟಲು ಸರಿಮಾಡಿಕೊಂಡಳು.

"ನೋಡೋಣ."

"ಹಾಂ, ಇದು ಮಾತು," ಎಂದ ಟೈಪಿಸ್ಟು. ಇದೇ ಸರಿ, ಬೇರೇನೂ ಬೇಡ ಎಂದು ಬಾಗಿಲಲ್ಲಿದ್ದವರು ದನಿಗೂಡಿಸಿದರು. "ಇದನ್ನ ಬೆಳಿಗ್ಗೆನೇ ಹೇಳಬಾರದಿತ್ತಾ ಪುಟ್ಟಿ," ಎಂದು ಬೇಕರಿಯವರು ಬಹುವಚನದಿಂದ ಕೆಳಗಿಳಿದರು. ತಮ್ಮ ಅಣ್ಣನ ಅಂಗಿಗೆ ಹತ್ತಿದ್ದ ಇಟ್ಟಿಗೆ ಪುಡಿಯನ್ನು ಒರೆಸಿ, ಗುಂಡಿ ಸಡಿಲವಾಗಿದೆ, ಬಾ ಹಾಕಿಕೊಡುತ್ತೇನೆ ಎಂದು ಕರೆದುಕೊಂಡು ಹೋದ. ಅಪ್ಪ ಮಗಳ ಬೆನ್ನ ಮೇಲೆ ಕೈಯಿಟ್ಟರು. ಪುಟ್ಟಿಗೆ ತಾನು ಇವತ್ತು ನಿಜವಾಗಿ ವಕೀಲಳಾದೆ ಅನ್ನಿಸಿತು. ಹೊಟ್ಟೆ ತುಂಬ ಸಂತೋಷವಾಯಿತು.

ಎಲ್ಲರೂ ಹೊರಗೆ ಹೋಗಿ ಕತ್ತಲಾದ ಮೇಲೆ ಅವಳಿಗೆ ಬೋರ್ಡಿನ ನೆನಪಾಯಿತು. ಹೆಸರು ಹೇಳಲೆಂದು ಹೊರಗೆ ಹೋದರೆ ಪೇಂಟರು ಏಣಿ ಮಡಚಿ ಬ್ರಷ್ಷು ತೊಳೆಯುತ್ತಿದ್ದ. ಬೋರ್ಡು ಬೀದಿದೀಪದಲ್ಲಿ ಹೊಳೆಯುತ್ತಿತ್ತು. ಕೆಳಗಿನ ಸಾಲಿನಲ್ಲಿ 'ವಕೀಲರು'. ಮೇಲಿನ ಸಾಲಿನಲ್ಲಿ, ಇನ್ನೂ ದೊಡ್ಡದಾಗಿ, ಮುತ್ತಿನಂಥ ಅಕ್ಷರಗಳಲ್ಲಿ, 'ನೋಡೋಣ'.

"ಇದೇನ್ರೀ ಇದು?"

"ನೀವೇ ಹೇಳಿದ್ರಲ್ಲಮ್ಮ. ಅಷ್ಟು ಜನಾನೂ ಇದೇ ಸರಿ ಅಂದ್ರು. ಬೆಳಿಗ್ಗೆಯಿಂದ ಒಂದು ಹೆಸರಿಗೆ ಎಲ್ಲರೂ ಒಪ್ಪಿದ್ದು ಇದೊಂದಕ್ಕೇ."

ಬೀದಿಯವರು ಬೋರ್ಡಿನ ಕೆಳಗೆ ನಿಂತು ತಲೆದೂಗುತ್ತಿದ್ದರು. ಇಷ್ಟು ವರ್ಷ ಬೋರ್ಡಿನಲ್ಲಿ ಹೆಸರು ತಪ್ಪಾಗಿತ್ತು, ಈಗ ಸರಿಹೋಯಿತು ಎಂದು ಟೈಪಿಸ್ಟು ವಿವರಿಸುತ್ತಿದ್ದ. ಪುಟ್ಟಿಯ ಹೆಸರು ಮೊದಲಿನ ಹಾಗೆಯೇ ಶಾಲೆಯ ಹಾಜರಿಯಲ್ಲಿ ಉಳಿಯಿತು.

ಅವಳು ಹೊಸ್ತಿಲಲ್ಲಿ ನಿಂತಿದ್ದ ಅಪ್ಪನ ಹತ್ತಿರ ಓಡಿದಳು. "ಅಪ್ಪಾ, ನಾಳೆ ಬೆಳಿಗ್ಗೆನೇ ಇದನ್ನ ಅಳಿಸಿ ನನ್ನ ಹೆಸರು ಬರೆಸೋದು. ಆಯ್ತಾ?"

ಅಪ್ಪ ಬೋರ್ಡನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು, ಒರೆಸಿ, ಏರಿಸಿಕೊಂಡರು. ಆಮೇಲೆ ಡಾಕ್ಟರ ಕಟ್ಟಪ್ಪಣೆಯನ್ನು ಮುರಿದು, ಒಡಕು ದನಿಯಲ್ಲಿ, ಒಂದೇ ಒಂದು ಮಾತಾಡಿದರು.

"ನೋಡೋಣ."

ಪುಟ್ಟಿಗೆ ಸೈಕಲ್ಲು ನೆನಪಾಯಿತು.